ಅರಳಿಯಪ್ಪನ ಬೇರು, ಹಾಲೇಶಪ್ಪನ ಸಿಮೆಂಟು

ಹೆಣ್ಣು ಕೊಟ್ಟವರನ್ನು ಮೂರನೇ ಪಂಕ್ತಿಗೆ ಕೂರಿಸುವ ಮನೆಯನ್ನು ನಾನು ನ್ಯಾಮತಿಯಲ್ಲಿ ಒಂದೇ ಒಂದು ಕಂಡಿದ್ದೇನೆ. ಅದು ಅಡಿಕೆ ಮಂಡಿ ಹಾಲೇಶಪ್ಪನವರ ಮನೆ. ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ನಡೆದ ಮದುವೆ. ಇಷ್ಟು ವರ್ಷ ಆಯಿತಲ್ಲ, ಬಿಟ್ಟುಬಿಡಿ ಎಂದು ನನ್ನ ಹೆಂಡತಿ ಸಾವಂತ್ರಮ್ಮ ಈಗಲೂ ಹೇಳುತ್ತಾಳೆ. ಯಾಕೆ ಬಿಡಬೇಕು? ಊರವರೆಲ್ಲ ಎರಡು ಪಂಕ್ತಿ ಕೂತು ಹೋಳಿಗೆ, ಮಾವಿನ ಸೀಕರಣೆ ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಎದ್ದ ಮೇಲೆ ನಮ್ಮ ಕಡೆಯವರಿಗೆ ಎಲೆ ಹಾಕಿದರು. ಅಷ್ಟು ಹೊತ್ತಿಗೆ ಹೋಳಿಗೆ ಮುಗಿದಿತ್ತು. ಕೇಳಿದರೆ ಬಡಿಸುವವನು ಖಾಲಿ ಬುಟ್ಟಿ ಬಗ್ಗಿಸಿ ತೋರಿಸಿದ. ನಾನು ಒಂದು ಅಗುಳೂ ಮುಟ್ಟದೆ ಎಲೆ ಬಿಟ್ಟು ಎದ್ದು ಬಂದೆ. ಊರೆಲ್ಲ ನೋಡಿತು.

ಹುಡುಗಿ ಅಂದರೆ ನನ್ನ ಹಿತ್ತಲಿನಿಂದ ಹೋದ ಬೇವಿನ ಮರ. ಹುಡುಗ ಅವರ ಮನೆ ಮುಂದಿನ ಅರಳಿ ಮರ. ಅದನ್ನು ಹೇಳಿದರೆ ಕೆಲವರು ನಗುತ್ತಾರೆ. ನಗುವುದಕ್ಕೆ ಏನಿದೆ? ಲಗ್ನಪತ್ರಿಕೆ ಅಚ್ಚಾಗಿತ್ತು, ಅಯ್ಯನವರು ಬಂದಿದ್ದರು, ಬಾಸಿಂಗ ಕಟ್ಟಿದ್ದರು, ತಾಳಿ ಕಟ್ಟಿದ್ದರು, ಬೇವಿಗೆ ಹಸಿರು ಸೀರೆ ಉಡಿಸಿ ಕೊಂಬೆಗೆ ಬಳೆ ತೊಡಿಸಿದ್ದರು. ಅಕ್ಷತೆ ಹಾಕುವಾಗ ಹೆಣ್ಣಿನ ಅಪ್ಪ ಎಂದು ನನ್ನನ್ನೇ ಮುಂದೆ ನಿಲ್ಲಿಸಿದರು. ನಿಲ್ಲಿಸುವಾಗ ಬೇಕಾದ ಅಪ್ಪ ಉಣ್ಣುವಾಗ ಬೇಡವಾದನೇ?

ಇರಲಿ. ಹಾಲೇಶಪ್ಪನವರ ಕತೆ ಹೇಳಲು ಕೂತವನು ನಾನು. ಅವರು ಯಾರೆಂದು ಮೊದಲು ಹೇಳಬೇಕು.

ಅವರ ಮನೆ, ನನ್ನ ಹಿಟ್ಟಿನ ಗಿರಣಿ ಅಕ್ಕಪಕ್ಕ. ನಡುವೆ ಒಂದು ಮೋಟುಗೋಡೆ. ಮನುಷ್ಯ ಕೆಟ್ಟವರಲ್ಲ. ತೂಕದಲ್ಲಿ ಮೋಸವಿಲ್ಲ, ಬಾಯಲ್ಲಿ ಹೊಲಸು ಮಾತಿಲ್ಲ. ಇದ್ದದ್ದು ಒಂದೇ ರೋಗ. ನ್ಯಾಮತಿಗೆ ಯಾವ ಹೊಸ ವಸ್ತು ಬಂದರೂ ಮೊದಲು ತಮ್ಮ ಮನೆಗೆ ಬರಬೇಕು. ನಮ್ಮ ಬೀದಿಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ, ಆಗಲೇ ದಾವಣಗೆರೆಯಿಂದ ಟೇಬಲ್ ಫ್ಯಾನ್ ತಂದರು. ಅದು ಹೂವಿನ ಹಾರ ಹಾಕಿಸಿಕೊಂಡು ಪಡಸಾಲೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿತ್ತು. ಬಂದವರು ಅದರ ಎದುರು ಕೂತು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಂಡು, 'ಭಾರಿ ಐತ್ರಿ ಫ್ಯಾನು' ಎಂದು ಹೊಗಳಿ ಹೋಗುತ್ತಿದ್ದರು.

ಎಲ್ಲವೂ ಮೊದಲು ಬಂದ ಆ ಮನೆಗೆ ಮಕ್ಕಳು ಮಾತ್ರ ಬರಲಿಲ್ಲ. ಅವರ ಹೆಂಡತಿ ಸರ್ವಮಂಗಳಮ್ಮ ಹರಕೆ ಹೊರದ ದೇವರಿಲ್ಲ. ಕೊನೆಗೆ ಮನೆಗೆ ಬರುತ್ತಿದ್ದ ಅಯ್ಯನವರು, ಅರಳಿ ಬೇವು ಜೊತೆಯಾಗಿ ನೆಟ್ಟು ಮಕ್ಕಳ ಹಾಗೆ ಸಾಕಿರಿ, ದೊಡ್ಡವಾದ ಮೇಲೆ ಮದುವೆ ಮಾಡಿರಿ ಎಂದರು. ಕೆರೆ ಏರಿಯ ಹತ್ತಿರವೋ ಗುಡಿಯ ಬಯಲಲ್ಲೋ ನೆಡಿ ಎಂದೂ ಹೇಳಿದ್ದರು. ಕೆರೆ ಏರಿಯಲ್ಲಿ ನೆಟ್ಟರೆ ಅದು ಹಾಲೇಶಪ್ಪನವರ ಮರ ಎಂದು ದಾರಿಹೋಕರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಗೇಟಿನ ಪಕ್ಕದಲ್ಲೇ, ರಸ್ತೆ ಅಂಚಿಗೆ, ಹೋಗುವ ಬಸ್ಸಿನವರಿಗೂ ಕಾಣುವ ಹಾಗೆ ಅರಳಿ ನೆಟ್ಟರು. ಬೇವಿಗೆ ನಮ್ಮ ಮನೆಗೆ ಬಂದರು.

ಸರ್ವಮಂಗಳಮ್ಮ ಅರಿಶಿಣ ಕುಂಕುಮದ ಬಟ್ಟಲು ಹಿಡಿದೇ ಬಂದರು. "ಅಣ್ಣಾರೆ, ನಿಮ್ಮ ಹಿತ್ತಲಾಗಿರೋ ಬೇವಿನ ಸಸಿ ಒಂದು ಕೊಡ್ರಿ. ಹೆಣ್ಣು ಕೇಳಾಕೆ ಬಂದೀನಿ ಅಂತಲೇ ತಿಳ್ಕಳ್ರಿ" ಎಂದರು. ಆ ತಾಯಿಯ ಮುಖ ನೋಡಿ ಇಲ್ಲ ಎನ್ನುವ ಗಂಡಸು ಹುಟ್ಟಿಲ್ಲ. ಬೇರಿನ ಮಣ್ಣು ಉದುರದ ಹಾಗೆ ನಾನೇ ಕಿತ್ತು ಕೊಟ್ಟೆ. ಅದನ್ನು ಅರಳಿಯ ಪಕ್ಕದಲ್ಲೇ ನೆಟ್ಟರು.

ಎರಡೂ ಬೆಳೆದವು. ಸರ್ವಮಂಗಳಮ್ಮ ಅರಳಿಯನ್ನು 'ನಮ್ಮ ಅರಳಿಯಪ್ಪ' ಎಂದೇ ಕರೆಯುತ್ತಿದ್ದರು. ಬೇಸಿಗೆಯಲ್ಲಿ ಎಲೆ ಉದುರಿದರೆ ಮಗುವಿಗೆ ಜ್ವರ ಬಂದವರ ಹಾಗೆ ಓಡಾಡುತ್ತಿದ್ದರು. ಚಿಗುರಿದ ದಿನ ಬೀದಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಹಾಲೇಶಪ್ಪನವರು ಮರಕ್ಕಿಂತ ಮರದ ಮದುವೆಯ ಮೇಲೆ ಹೆಚ್ಚು ಆಸೆ ಇಟ್ಟುಕೊಂಡಿದ್ದರು. ಯಾಕೆಂದರೆ ಆ ಹೊತ್ತಿಗೆ ಅವರ ತಲೆಗೆ ಕಾರು ಹೊಕ್ಕಿತ್ತು.

ಆಗ ಕಾರು ಬೇಕೆಂದರೆ ಹೋಗಿ ತರುವುದಲ್ಲ. ದುಡ್ಡು ಕಟ್ಟಿ, ಹೆಸರು ಬರೆಸಿ, ವರ್ಷಗಟ್ಟಲೆ ಕಾಯಬೇಕು. ಹಾಲೇಶಪ್ಪನವರು ಹೆಸರು ಬರೆಸಿ ಬಂದರು. ಬಂದವರು ಸುಮ್ಮನೆ ಕಾಯುತ್ತಾರೆಯೇ? ಕಾರು ಒಳಗೆ ಬರಲು ದಾರಿ ಬೇಕಲ್ಲ ಎಂದರು. ರಸ್ತೆಯಿಂದ ಚರಂಡಿ ದಾಟಿ, ಗೇಟಿನೊಳಗೆ ಹಾದು, ಮನೆ ಪಕ್ಕದ ಶೆಡ್ಡಿನವರೆಗೆ ಸಿಮೆಂಟಿನ ದಾರಿ. ನ್ಯಾಮತಿಗೆ ಅದೇ ಮೊದಲು.

ಸಿಮೆಂಟಿಗೂ ಆಗ ಪರ್ಮಿಟ್ಟು, ಸಕ್ಕರೆಗೂ ಪರ್ಮಿಟ್ಟು. ಮನೆಯಲ್ಲಿ ಮದುವೆ ಇದೆ, ಮನೆ ರಿಪೇರಿ ಆಗಬೇಕು ಎಂದು ಲಗ್ನಪತ್ರಿಕೆ ತೋರಿಸಿದವರಿಗೆ ನಾಲ್ಕು ಚೀಲ ಬೇಗ ಸಿಗುತ್ತಿತ್ತು. ಹಾಲೇಶಪ್ಪನವರ ಹತ್ತಿರ ಲಗ್ನಪತ್ರಿಕೆ ಇತ್ತಲ್ಲ! ವರ ಚಿರಂಜೀವಿ ಅಶ್ವತ್ಥ, ವಧು ಚಿರಂಜೀವಿ ಸೌಭಾಗ್ಯವತಿ ನಿಂಬಾದೇವಿ. ಪರ್ಮಿಟ್ಟು ಬರೆಯುವವರು ಅದನ್ನು ನೋಡಿ, "ಹುಡುಗ ಏನ್ಮಾಡ್ಕೊಂಡಿದಾನ್ರಿ?" ಎಂದು ಕೇಳಿದರಂತೆ.

"ಮನೆ ಮುಂದೇನೇ ಇರ್ತಾನೆ ಸ್ವಾಮಿ. ಬೀದಿ ಜನಕ್ಕೆಲ್ಲ ನೆರಳಾಗಿದಾನೆ."

"ದುರಭ್ಯಾಸ?"

"ನೀರು ಬಿಟ್ಟರೆ ಬೇರೆ ಏನೂ ಮುಟ್ಟಂಗಿಲ್ಲ."

"ಇಂಥ ಹುಡುಗರು ಈಗ ಎಲ್ಲಿ ಸಿಗ್ತಾರೆ" ಎಂದು ಬರೆದುಕೊಟ್ಟರಂತೆ. ಇದನ್ನು ಹಾಲೇಶಪ್ಪನವರೇ ನನ್ನ ಗಿರಣಿಯ ಕಟ್ಟೆ ಮೇಲೆ ಕೂತು, ಹೊಟ್ಟೆ ಹಿಡಿದು ನಗುತ್ತ ಹೇಳಿದ್ದು. ಮದುವೆಗೆ ಮುಂಚೆ. ಆಗ ನಾವು ನಗುನಗುತ್ತ ಮಾತಾಡುತ್ತಿದ್ದೆವು.

ಮದುವೆ ಮುಗಿದ ವಾರದಲ್ಲೇ ಸಿಮೆಂಟಿನ ದಾರಿ ಆಯಿತು. ನುಣ್ಣಗೆ ತೇದು ಚೌಕ ಚೌಕ ಗೆರೆ ಹಾಕಿಸಿದರು. ಕಾರು ಬರಲಿಲ್ಲ. ಒಂದು ವರ್ಷ ಹೋಯಿತು, ಎರಡು ಹೋಯಿತು. ಕಾರಿಲ್ಲದ ದಾರಿಯನ್ನು ಹಾಲೇಶಪ್ಪನವರು ಕಾಯುತ್ತ ಕೂತರು. ಯಾರಾದರೂ ಅದರ ಮೇಲೆ ಕಾಲಿಟ್ಟರೆ, "ಏಯ್, ಅದು ಕಾರು ಓಡಾಡೋ ಜಾಗ ಕಣಪ್ಪ, ಪಕ್ಕಕ್ಕೆ ಹೋಗು" ಎನ್ನುತ್ತಿದ್ದರು. ಹಾಲು ಹಾಕುವವನು ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಿದ್ದ. ಮೆಣಸಿನಕಾಯಿ ಒಣಗಿಸಲು ಬಂದ ಪಕ್ಕದ ಬೀದಿಯವರಿಗೆ ಬೈಸಿಕೊಂಡು ಹೋಗುವುದೇ ಆಯಿತು.

ಒಂದು ಗುಂಪಿಗೆ ಮಾತ್ರ ಮಾಫಿ. ಮದುವೆಯಾದ ಅರಳಿ ಬೇವು ಎಂದ ಮೇಲೆ ಊರ ಹೆಂಗಸರು ಪ್ರದಕ್ಷಿಣೆಗೆ ಬರತೊಡಗಿದರು. ದಿನ ಬೆಳಗಾದರೆ ಹತ್ತಾರು ಕೊಡ. ಗೇಟಿನ ಮುಂದೆ ಅಷ್ಟು ಹೆಂಗಸರು ನಿಂತರೆ ಮನೆಗೆ ಒಂದು ಕಳೆ ಎಂದು ಹಾಲೇಶಪ್ಪನವರು ಎದೆಯುಬ್ಬಿಸಿ ನೋಡುತ್ತಿದ್ದರು. ಮಡಿಯುಟ್ಟ ಹೆಂಗಸರು ಕೆಸರಿನಲ್ಲಿ ನಿಲ್ಲುತ್ತಾರೆಯೇ? ಸಿಮೆಂಟಿನ ಮೇಲೆ ನಿಂತೇ ಬುಡಕ್ಕೆ ನೀರು ಸುರಿಯುತ್ತಿದ್ದರು. ಸುರಿದ ನೀರೆಲ್ಲ ಸಿಮೆಂಟಿನ ಅಂಚಿನಲ್ಲಿ ಇಳಿದು ಅದರ ಅಡಿಗೇ ಹೋಗುತ್ತಿತ್ತು.

ಎಪ್ಪತ್ತೇಳರಲ್ಲಿ ಬಿರುಕು ಕಾಣಿಸಿತು. ಗೋಡೆಯ ಆಚೆಯಿಂದ ಕೂಗು ಬಂತು. ಹಾಲೇಶಪ್ಪನವರಿಗೆ ಖುಷಿಯಾದಾಗ ನಾನು 'ಬೀಗರು'. ಸಿಟ್ಟು ಬಂದಾಗ 'ಗಿರಣಿಯೋರು'.

"ಗಿರಣಿಯೋರೆ! ಬರ್ರಿ ಇಲ್ಲಿ. ನೋಡ್ರಿ ನಿಮ್ಮ ಗಿರಣಿ ಮಾಡಿದ ಕೆಲಸ!"

ಹೋಗಿ ನೋಡಿದೆ. ಕೂದಲೆಳೆಯಷ್ಟು ಬಿರುಕು. "ನನ್ನ ಗಿರಣಿಗೂ ಇದಕ್ಕೂ ಏನ್ರಿ ಸಂಬಂಧ?"

"ದಿನಾ ದಡ್ ದಡ್ ದಡ್ ಅಂತ ನೆಲ ಕುಣಿಸ್ತೀರಲ್ಲ!"

"ನನ್ನ ಗೋಡೆಗೇ ಬಿರುಕು ಬಿಟ್ಟಿಲ್ಲ. ಅದು ಗೋಡೆ ಹಾರಿ ನಿಮ್ಮ ಸಿಮೆಂಟಿಗೆ ಬರ್ತೈತಾ?"

"ನಿಮ್ಮದು ಮಣ್ಣಿನ ಗೋಡೆ. ಅದಕ್ಕೆ ಮಾನ ಇಲ್ಲ. ಇದು ಸಿಮೆಂಟು. ಸೂಕ್ಷ್ಮ ಐತೆ."

ಮರುದಿನ ಅವರು ಬಿರುಕಿನ ಮೇಲೆ ಲೋಟದಲ್ಲಿ ನೀರಿಟ್ಟು, ಗಿರಣಿ ಓಡುವಷ್ಟು ಹೊತ್ತೂ ಕುಕ್ಕರಗಾಲಲ್ಲಿ ಕೂತು ನೀರು ಅಲುಗಾಡುತ್ತದೆಯೇ ಎಂದು ನೋಡಿದರು. ನೀರು ಅಲುಗಾಡಲಿಲ್ಲ. ಲೋಟ ಭಾರ ಆಯಿತು ಎಂದು ಚಿಕ್ಕ ಲೋಟ ತಂದರು. ಅದೂ ಅಲುಗಾಡಲಿಲ್ಲ. ನಾನು ಗೋಡೆಯ ಈಚೆಯಿಂದ, "ಒಳಲೆಯಾಗಿಟ್ಟು ನೋಡ್ರಿ, ಕೂಸಿಗೆ ಹಾಲು ಕುಡಿಸೋದು, ಇನ್ನೂ ಸಣ್ಣದು" ಎಂದೆ. ಅಂದ ಮೇಲೆ, ಮಕ್ಕಳಿಲ್ಲದ ಮನೆಗೆ ಒಳಲೆಯ ಮಾತು ಬೇಡವಿತ್ತು ಎನಿಸಿತು. ಅವರು ಕೇಳಿಸಿಕೊಳ್ಳದವರ ಹಾಗೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಮುಂದಿನ ಮಳೆಗಾಲಕ್ಕೆ ಬಿರುಕು ಉಬ್ಬಿ, ಮಲಗಿದ ಹಸುವಿನ ಬೆನ್ನಿನಷ್ಟಾಯಿತು. ಇನ್ನು ಗಿರಣಿಯ ಮೇಲೆ ಹಾಕುವ ಹಾಗಿಲ್ಲ. ಅಂಚಿನಲ್ಲಿ ಮಣ್ಣು ಬಗೆಸಿದರು. ತೋಳಿನಷ್ಟು ದಪ್ಪದ ಬೇರು ಸಿಮೆಂಟಿನ ಅಡಿಗೆ ನೆಟ್ಟಗೆ ಹೋಗಿತ್ತು. ಹಾಲೇಶಪ್ಪನವರು ಬೇರನ್ನು ನೋಡಿದರು, ನನ್ನನ್ನು ನೋಡಿದರು.

"ಇದು ನಿಮ್ಮ ಹುಡುಗಿದು" ಎಂದರು.

ನನಗೆ ಉರಿದುಹೋಯಿತು. ಅರ್ಧ ಬೀದಿ ಅಲ್ಲೇ ನಿಂತಿತ್ತು. "ನಮ್ಮ ಹುಡುಗಿ ಹಂಗೆಲ್ಲ ಅಂಗಳ ದಾಟೋಳಲ್ಲ. ನಿಮ್ಮ ಮಗನದು!"

"ನಮ್ಮ ಅರಳಿ ಮೇಲಕ್ಕೆ ಬೆಳೆಯೋನು. ಈ ಕಳ್ಳ ದಾರಿ ಬೇವಿಂದೇ."

ಸೌದೆ ಒಡೆಯುವ ಮೂಕಪ್ಪ ಅಲ್ಲೇ ಇದ್ದ. ಹೆಸರಿಗೆ ಮೂಕಪ್ಪ, ಅವನಷ್ಟು ಮಾತಾಡುವವನು ಊರಲ್ಲಿಲ್ಲ. "ಯಾಕ್ ಜಗಳ ಆಡ್ತೀರಿ ಬೀಗರು ಬೀಗರು? ಒಂದು ಗೀರು ಹಾಕಿ ನೋಡಾನ. ಹಾಲು ಬಂದ್ರೆ ಅರಳಿ, ಬರಲಿಲ್ಲಂದ್ರೆ ಬೇವು" ಎಂದು ಕುಡುಗೋಲಿನ ತುದಿಯಿಂದ ಗೀರಿದ. ಬೆಳ್ಳಗೆ ಹಾಲು ಒಸರಿತು.

ಬೀದಿಯವರು ಹೋ ಎಂದು ನಕ್ಕರು. ನಾನು ಮೀಸೆ ತಿರುವಿದೆ. ಹಾಲೇಶಪ್ಪನವರು ಬಾಯಿ ತೆರೆಯುವುದರೊಳಗೆ ಸರ್ವಮಂಗಳಮ್ಮ ಓಡಿ ಬಂದು ಸೆರಗಿನಿಂದ ಆ ಹಾಲು ಒರೆಸಿ, ಅರಿಶಿಣ ಮೆತ್ತಿದರು. "ಮಾತಾಡಾಕೆ ಬರದ ಕೂಸಿಗೆ ಗಾಯ ಮಾಡಿ ನೋಡ್ತೀರೇನ್ರಿ ನೀವೆಲ್ಲ?" ಎಂದರು. ನಗು ನಿಂತಿತು. ಗಂಡನ ಕಡೆ ತಿರುಗಿ, "ಅವನ ಮದುವೆ ಹೆಸರು ಹೇಳಿ ತಂದ ಸಿಮೆಂಟು ತಾನೇ ಅದು? ಅವನದು ಅವನು ಎತ್ಕೊಂತಿದಾನೆ. ನಿಮಗೇನ್ರಿ?" ಎಂದರು.

ಅಲ್ಲಿಂದ ಆ ಮನೆಯಲ್ಲಿ ಎರಡು ಪಕ್ಷ. ಹೆಂಡತಿ ಬೇರಿನ ಕಡೆ, ಗಂಡ ಸಿಮೆಂಟಿನ ಕಡೆ.

ಹಾಲೇಶಪ್ಪನವರು ದಾವಣಗೆರೆಯಲ್ಲಿ ಯಾರನ್ನೋ ಕೇಳಿಕೊಂಡು ಬಂದರು. ಮರಕ್ಕೂ ಸಿಮೆಂಟಿಗೂ ನಡುವೆ ಉದ್ದಕ್ಕೆ ಗುಂಡಿ ತೆಗೆದು, ಕಲ್ಲು ಚಪ್ಪಡಿ ನಿಲ್ಲಿಸಿ ಹೂತರೆ ಬೇರು ಆ ಗೋಡೆಗೆ ಬಡಿದು ವಾಪಸ್ಸು ಹೋಗುತ್ತದಂತೆ. ಆಳವಾಗಿ ಹೂಳಬೇಕು ಎಂದೂ ಅವರು ಹೇಳಿದ್ದಿರಬೇಕು. ಅದು ಇವರ ಕಿವಿಗೆ ಬೀಳಲಿಲ್ಲ. ಚಪ್ಪಡಿ ಎಲ್ಲಿಂದ ತರುವುದು? ಮನೆ ಮುಂದಿನ ಚರಂಡಿಯ ಮೇಲೆ ಹಾಸಿದ್ದವಲ್ಲ, ಊರವರು ನಡೆದಾಡುವ ಚಪ್ಪಡಿಗಳು, ಅವನ್ನೇ ಎತ್ತಿಸಿದರು. "ನಮ್ಮಪ್ಪ ಹಾಕಿಸಿದ ಚಪ್ಪಡಿ, ಎಲ್ಲಾದರೂ ಹೂಳ್ತೀನಿ" ಎಂದರು.

ಜನ ನಡೆಯುತ್ತಿದ್ದ ದಾರಿ ಮಣ್ಣಿನೊಳಗೆ ಹೋಯಿತು. ಕಾರಿಲ್ಲದ ಕಾರು ದಾರಿಯನ್ನು ಉಳಿಸಲು ಕಾಲಿದ್ದವರೆಲ್ಲ ಚರಂಡಿ ಹಾರತೊಡಗಿದರು. ನನ್ನ ಗಿರಣಿಗೆ ಬರುವ ಹೆಂಗಸರು ತಲೆ ಮೇಲೆ ಹಿಟ್ಟಿನ ಡಬ್ಬ ಹೊತ್ತು ಹಾರುವುದನ್ನು ನೋಡಿ ನಾನು ಒಂದು ದಿನ ಗೋಡೆ ಹತ್ತಿ ನಿಂತು ಬಾಯಿಗೆ ಬಂದದ್ದೆಲ್ಲ ಬೈದೆ. ಹಾಲೇಶಪ್ಪನವರು ಶಾಂತವಾಗಿ, "ನಿಮ್ಮ ಗಿರಾಕಿಗಳಿಗೆ ವ್ಯಾಯಾಮ ಆಗ್ತೈತಲ್ಲ ಬೀಗರೆ" ಎಂದರು. ಅವತ್ತು ಅವರು ಖುಷಿಯಲ್ಲಿದ್ದರು.

ಚಪ್ಪಡಿಗಳನ್ನು ಹೂತದ್ದು ಮೊಣಕಾಲುದ್ದ. ಬೇರು ಅವುಗಳ ಅಡಿಯಲ್ಲಿ ತೂರಿ ಆಚೆ ಎದ್ದಿತು. ಎರಡು ಮಳೆಗಾಲ ಕಳೆಯುವುದರೊಳಗೆ ಚಪ್ಪಡಿಯನ್ನೂ ಸಿಮೆಂಟನ್ನೂ ಒಟ್ಟಿಗೆ ಎತ್ತಿತು. ಮೊದಲು ಹಸು ಒಂದೇ ಮಲಗಿತ್ತು, ಈಗ ಪಕ್ಕದಲ್ಲಿ ಕರುವೂ ಮಲಗಿತು.

ನನಗೆ ತಡೆಯಲಾಗಲಿಲ್ಲ. ಕರೆಯದಿದ್ದರೂ ಹೋಗಿ ಹೇಳಿದೆ. "ನೀರು ಬಿದ್ದ ಕಡೆ ಬೇರು ಬರ್ತೈತೆ. ಹೆಂಗಸರಿಗೆ ಆ ಕಡೆ ನಿಂತು ನೀರು ಹಾಕಾಕೆ ಹೇಳ್ರಿ. ಬೇರು ತಾನೇ ತಿರುಗ್ತೈತೆ."

"ಯಾವ ಕಡೆ? ಚರಂಡಿ ಕಡೆನಾ? ಅಲ್ಲಿ ನಿಲ್ಲಾಕೆ ಎಲ್ಲೈತ್ರಿ ಜಾಗ? ಚಪ್ಪಡಿ ಇಲ್ಲ!"

"ಚಪ್ಪಡಿ ಯಾರು ಎತ್ತಿದ್ದು?"

ಅವರು ಅರಳಿಯ ಕಡೆ ಕೈ ತೋರಿಸಿ, "ಮರ" ಎಂದರು.

ಎಂಬತ್ತೊಂದರಲ್ಲಿ ಕಾರು ಬಂತು. ದಾವಣಗೆರೆಯಿಂದ ಹೊರಟಿದೆ ಎಂದು ಸುದ್ದಿ ಬಂದಾಗಿನಿಂದ ಗೇಟಿಗೆ ತೋರಣ, ಓಲಗದವರು, ಕೊಬ್ಬರಿ ಸಕ್ಕರೆಯ ತಟ್ಟೆ. ಹಾಲುಬಣ್ಣದ ಫಿಯೆಟ್ಟು. ಹಾಲೇಶಪ್ಪನವರು ಮುಂದಿನ ಸೀಟಿನಲ್ಲಿ ಜರತಾರಿ ಪೇಟ ಸುತ್ತಿ ಕೂತಿದ್ದರು. ಪೇಟ ಕಾರಿನ ಮಾಳಿಗೆಗೆ ತಾಗುತ್ತದೆಂದು ಕತ್ತು ಒಂದು ಕಡೆ ವಾಲಿಸಿದ್ದರು. ಗಾಲಿಗೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಡ್ರೈವರು ಕಾರನ್ನು ರಸ್ತೆಯಿಂದ ತಿರುಗಿಸಿದ. ಮುಂದಿನ ಗಾಲಿಗಳು ಉಬ್ಬನ್ನು ಹತ್ತಿ ಇಳಿದವು. ಆಮೇಲೆ ಗುರ್ ಎಂದು ಒಂದು ಸದ್ದು. ಕಾರಿನ ಹೊಟ್ಟೆ ಉಬ್ಬಿನ ಮೇಲೆ ಕೂತಿತು. ಹಿಂದಿನ ಗಾಲಿಗಳು ಗಾಳಿಯಲ್ಲಿ ತಿರುಗಿದವು.

ಓಲಗದವರು ನಿಲ್ಲಿಸಬೇಕೋ ಬಾರಿಸಬೇಕೋ ತಿಳಿಯದೆ ಬಾರಿಸುತ್ತಲೇ ಇದ್ದರು. ಪೇಟ ಸುತ್ತಿದವರು ಕೆಳಗೆ ಇಳಿಯಲಿಲ್ಲ. ಇಳಿಯದಿದ್ದರೆ ಕಾರು ಏಳುವುದಿಲ್ಲ ಎಂದು ಡ್ರೈವರು ಕೈಮುಗಿದ ಮೇಲೆ ಇಳಿದರು. ಚರಂಡಿ ಹಾರಿ ಹಾರಿ ಕಾಲು ಗಟ್ಟಿಯಾಗಿದ್ದ ನಮ್ಮ ಬೀದಿಯವರೇ ಕಾರನ್ನು ಹಿಂದಕ್ಕೆ ಎತ್ತಿ ರಸ್ತೆಗೆ ಬಿಟ್ಟರು. ಮೂಕಪ್ಪ, "ಮಗನ ಮಡ್ಲಾಗೆ ಕುಂತಿತ್ತು, ಎಬ್ಬಿಸಿಬಿಟ್ವಿ" ಎಂದ.

ಕಾರು ನಿಲ್ಲಿಸಲು ಜಾಗವಿಲ್ಲ. ಗೋಡೆಯ ಆಚೆಯಿಂದ ಮೆಲ್ಲಗೆ ಒಂದು ದನಿ ಬಂತು. "ಬೀಗರೆ, ನಿಮ್ಮ ಗಿರಣಿ ಅಂಗಳದಾಗೆ ಎರಡು ದಿನ ಬಿಟ್ಕಳ್ಳಾನೇನ್ರಿ?"

ನನ್ನದು ಮಣ್ಣಿನ ಅಂಗಳ, ಮಾನವಿಲ್ಲದ್ದು. ಬಿಟ್ಟುಕೊಳ್ಳಿ ಎಂದೆ.

ಆ ಸಂಜೆ ಹಾಲೇಶಪ್ಪನವರು ಗಟ್ಟಿ ಮನಸ್ಸು ಮಾಡಿದರು. ಬೇರು ಕಡಿಸಿಬಿಡುವುದು. ಸರ್ವಮಂಗಳಮ್ಮ, "ನಮಗೆ ಇರೋನು ಅವನೊಬ್ಬ. ಅವನ ಕಾಲು ಕಡಿಸಿ ಕಾರು ಹತ್ತಿ ಎಲ್ಲಿಗೆ ಹೋಗ್ತೀರಿ?" ಎಂದು ಕೇಳಿದರಂತೆ. ಅದಕ್ಕೆ ಹಾಲೇಶಪ್ಪನವರು, "ಏಳು ವರ್ಷ ಕಾದೀನಿ. ಕಾರು ಬೇರೆಯೋರ ಮನೆಯಾಗೆ ಮಲಗೈತೆ. ಊರು ನಗ್ತೈತೆ" ಎಂದರಂತೆ. ಇದು ಸಾವಂತ್ರಮ್ಮ ತಂದ ಸುದ್ದಿ. ಇಬ್ಬರೂ ಅವತ್ತು ಉಣ್ಣಲಿಲ್ಲವಂತೆ.

ಬೆಳಿಗ್ಗೆ ಮೂಕಪ್ಪನನ್ನು ಕರೆಸಿದರು. ಅವನು ಕೊಡಲಿ ಕೆಳಗಿಟ್ಟು ಕೈಕಟ್ಟಿ ನಿಂತ. "ಆಗಲ್ರಿ ಯಜಮಾನ್ರೆ. ನಾನು ಮದುವೆ ಊಟ ಉಂಡಿದೀನಿ. ಆರು ಹೋಳಿಗೆ. ಯಾರ ಮದುವೆಯಾಗೆ ಉಂಡೆನೋ ಅವನ ಮೇಲೆ ಕೊಡಲಿ ಎತ್ತಾಕೆ ಆಗ್ತೈತಾ?"

ಬೇರೆಯವರನ್ನು ಕೇಳಿದರು. ಅವರೂ ಉಂಡಿದ್ದರು. ಪಕ್ಕದ ಹಳ್ಳಿಗಳಿಗೆ ಹೇಳಿ ಕಳಿಸಿದರು. ಅಲ್ಲಿಯವರೂ ಉಂಡಿದ್ದರು. ಊರಿಗೆಲ್ಲ ಬಡಿಸಿ ದೊಡ್ಡವರಾಗಲು ಹೋದ ಮನುಷ್ಯ, ಕೊಡಲಿ ಹಿಡಿಯಲು ಒಬ್ಬನನ್ನೂ ಉಳಿಸಿಕೊಂಡಿರಲಿಲ್ಲ.

ಆಗ ನನ್ನ ಹತ್ತಿರ ಬಂದರು. ಗಿರಣಿ ನಿಲ್ಲುವವರೆಗೂ ಕಾದು ಕೂತರು. ಆಮೇಲೆ ಹೇಳಿದರು, "ಬೀಗರೆ, ನೀವು ಅವತ್ತು ಉಣ್ಣಲಿಲ್ಲ ಅಲ್ವಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಬೆಂಕಿ. ಅಂದರೆ ನಾನು ಎಲೆ ಬಿಟ್ಟು ಎದ್ದದ್ದನ್ನು ಅವರು ನೋಡಿದ್ದರು! ಏಳು ವರ್ಷ ನೆನಪಿಟ್ಟುಕೊಂಡಿದ್ದರು! ಒಂದು ದಿನ, 'ತಪ್ಪಾತು ಬೀಗರೆ, ಬರ್ರಿ ಒಂದು ತುತ್ತು ಉಣ್ರಿ' ಎನ್ನಲಿಲ್ಲ. ಈಗ ಬಂದು ನೆನಪಿಸುತ್ತಿರುವುದು ಕೊಡಲಿಗೆ.

"ಎದ್ದು ಹೋಗ್ರಿ" ಎಂದೆ. "ಹೆಣ್ಣು ಕೊಟ್ಟ ಕೈಯಾಗೆ ಅಳಿಯನ ಕಾಲು ಕಡಿಯೋ ಮನೆತನ ಅಲ್ಲ ನಮ್ಮದು."

ಹೋದರು. ನೇರವಾಗಿ ಬಸ್ಸು ಹತ್ತಿ ಜಗಳೂರು ಸೀಮೆಗೆ ಹೋದರು. ಅಷ್ಟು ದೂರದವರು ನ್ಯಾಮತಿಯ ಹೋಳಿಗೆ ಕಂಡಿರುವುದಿಲ್ಲ ಎಂಬ ಲೆಕ್ಕ. ಅಲ್ಲಿನ ಸೊಕ್ಕೆ ಎಂಬ ಊರಿನಿಂದ ಬೀರಲಿಂಗಪ್ಪ ಎಂಬವನನ್ನು ಕರೆತಂದರು. ಆಳು ಬಾಗಿಲ ಪಡಿಯಷ್ಟು ಅಗಲ, ಹೆಗಲ ಮೇಲೆ ಕೊಡಲಿ, ಹಾರೆ. ಮಾತು ಕಮ್ಮಿ. ಬಂದವನೇ ಮರವನ್ನು ಒಂದು ಸುತ್ತು ನೋಡಿ, "ಮಧ್ಯಾಹ್ನದೊಳಗೆ ಮುಗಿಸ್ತೀನಿ" ಎಂದ. ಬೀದಿಯವರೆಲ್ಲ ಕೆಲಸ ಬಿಟ್ಟು ನಿಂತರು. ನಾನೂ ಗೋಡೆಯ ಹತ್ತಿರ ನಿಂತೆ. ನನ್ನ ಹುಡುಗಿಯ ಗಂಡನ ವಿಷಯ.

ಸರ್ವಮಂಗಳಮ್ಮ ಅಳಲಿಲ್ಲ, ಅಡ್ಡ ನಿಲ್ಲಲಿಲ್ಲ. ಬಾಗಿಲಲ್ಲಿ ಕಾಣಿಸಿಕೊಂಡು, "ರಾತ್ರಿ ಬಸ್ಸಿನಾಗೆ ಬಂದೀಯಪ್ಪ. ಹಸಿದ ಹೊಟ್ಟೆಯಾಗೆ ಕೆಲಸಕ್ಕೆ ಹಚ್ಚಿದ್ರೆ ನಮಗೆ ಒಳ್ಳೇದಾಗಲ್ಲ. ಒಂದು ತುತ್ತು ಉಂಡು ಹಿಡಿ" ಎಂದರು. ಇದರಲ್ಲಿ ಬೇಡ ಎನ್ನುವಂಥದ್ದೇನೂ ಹಾಲೇಶಪ್ಪನವರಿಗೆ ಕಾಣಲಿಲ್ಲ. ಆಳಿಗೆ ಉಣ್ಣಿಸುವುದು ಇದ್ದದ್ದೇ.

ಅರಳಿ ಕಟ್ಟೆಯ ಮೇಲೆ ಮಣೆ ಹಾಕಿ ಬೀರಲಿಂಗಪ್ಪನನ್ನು ಕೂರಿಸಿದರು. ಬಾಳೆ ಎಲೆ, ಕೋಸಂಬರಿ, ಪಲ್ಯ, ಚಿತ್ರಾನ್ನ. ಆಮೇಲೆ ತುಪ್ಪ ಹಾಕಿದ ಹೋಳಿಗೆ, ಒಂದರ ಮೇಲೆ ಒಂದು. ಅವನು ತಲೆ ಎತ್ತದೆ ಉಂಡ.

"ಏನವ್ವ, ಇವತ್ತೇನು ಹಬ್ಬನಾ?" ಎಂದು ಕೊನೆಗೆ ಕೇಳಿದ.

"ಹಬ್ಬ ಅಲ್ಲಪ್ಪ. ನಮ್ಮ ಮಗನ ಮದುವೆ ಊಟ. ಏಳು ವರ್ಷದ ಹಿಂದೆ ಆತು. ನೀನು ಬಂದಿರಲಿಲ್ಲ, ಅದಕ್ಕೆ ಈಗ ಬಡಿಸ್ತಿದೀನಿ."

"ಮಗ ಎಲ್ಲವನೆ?"

"ನಿನ್ನ ಬೆನ್ನ ಹಿಂದೆ ಅದಾನೆ."

ಬೀರಲಿಂಗಪ್ಪ ತಿರುಗಿ ನೋಡಿದ. ಕಾಂಡಕ್ಕೆ ಕಟ್ಟಿದ ಹಳೇ ಬಾಸಿಂಗ, ಬೇವಿನ ಕೊಂಬೆಯ ಬಳೆ, ಎಲ್ಲ ನೋಡಿದ. ಕೈಯಲ್ಲಿದ್ದ ಹೋಳಿಗೆಯನ್ನೂ ನೋಡಿದ. ಅರ್ಧಕ್ಕೆ ಬಿಡಲಿಲ್ಲ, ಪೂರ್ತಿ ತಿಂದ. ಎದ್ದು ಕೈತೊಳೆದು ಕೊಡಲಿಯನ್ನು ಗೋಡೆಗೆ ಒರಗಿಸಿದ.

"ಆಗಲ್ಲ ಯಜಮಾನ್ರೆ" ಎಂದ.

ಹಾಲೇಶಪ್ಪನವರ ಮುಖದಲ್ಲಿ ಆಗ ಬಂದ ಬಣ್ಣ ಯಾವ ಸುಣ್ಣದವನ ಹತ್ತಿರವೂ ಸಿಗುವುದಿಲ್ಲ. ಹೆಂಡತಿಯ ಕಡೆ ನೋಡಿದರು. ಆಕೆ ಎಲೆ ಎತ್ತುತ್ತಿದ್ದರು.

ಬೀರಲಿಂಗಪ್ಪನಿಗೆ ಮಾತ್ರ ಬೇರೆ ಚಿಂತೆ. "ಉಂಡಿದೀನಿ. ಕೆಲಸ ಮಾಡದೆ ಹೋಗೋ ಪೈಕಿ ಅಲ್ಲ ನಾನು. ಅವ್ವ, ಬೇರು ಬ್ಯಾಡ ಅಂದ್ರೆ ಈ ಸಿಮೆಂಟನ್ನೇ ಒಡೆದು ತೆಗೀತೀನಿ. ಉಬ್ಬು ಹೋಗ್ತೈತೆ, ಬೇರಿನ ಮೇಲೆ ಮಣ್ಣು ಹಾಕಿದ್ರೆ ಕಾರೂ ಬರ್ತೈತೆ" ಎಂದು ಹಾರೆ ಎತ್ತಿದ.

ಎಷ್ಟು ಸರಳ! ಇಷ್ಟು ವರ್ಷದಲ್ಲಿ ನನಗಾಗಲಿ ಊರವರಿಗಾಗಲಿ ತೋಚಿರಲಿಲ್ಲ. ಬೀದಿಯವರೆಲ್ಲ ಹೌದು ಹೌದು ಎಂದರು. ಹಾಲೇಶಪ್ಪನವರು ಒಂದೇ ನೆಗೆತಕ್ಕೆ ಉಬ್ಬಿನ ಮೇಲೆ ಹತ್ತಿ ನಿಂತರು.

"ಇದನ್ನ ಮುಟ್ಟಿದ್ರೆ ನೋಡು! ನ್ಯಾಮತಿಗೆ ಮೊದಲನೇ ಸಿಮೆಂಟು ದಾರಿ ಇದು!"

"ಅಲ್ರಿ, ಕಾರು ಬರಬೇಕು ಅಂತೀರಿ..."

"ಕಾರು ಮಣ್ಣಿನ ಮೇಲೆ ಬರೋದಾದ್ರೆ ನಾನ್ಯಾಕಪ್ಪ ಕಾರು ತರ್ತಿದ್ದೆ?"

ಹೆಂಡತಿ ಬೇರಿನ ಮುಂದೆ, ಗಂಡ ಸಿಮೆಂಟಿನ ಮೇಲೆ. ನಡುವೆ ಬೀರಲಿಂಗಪ್ಪ ಹಾರೆ ಹಿಡಿದು ಅತ್ತ ಇತ್ತ ನೋಡಿದ. ಕಡಿಯಲು ಬಿಡುವವರಿಲ್ಲ, ಒಡೆಯಲು ಬಿಡುವವರಿಲ್ಲ, ಹೊಟ್ಟೆಯಲ್ಲಿ ಹೋಳಿಗೆ. ಕೊನೆಗೆ ಸರ್ವಮಂಗಳಮ್ಮನಿಗೆ ಕೈಮುಗಿದು, "ಅವ್ವ, ನಿಮ್ಮ ಮನೆದು ಒಂದು ದಿನದ ಕೆಲಸ ನನ್ನ ತಲೆ ಮೇಲೆ ಐತೆ. ಹೇಳಿ ಕಳಿಸಿದ ದಿನ ಬರ್ತೀನಿ" ಎಂದು ಹೇಳಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಎರಡು ದಿನಕ್ಕೆಂದು ಬಂದ ಕಾರು ನನ್ನ ಅಂಗಳದಲ್ಲೇ ಉಳಿಯಿತು. ಅದರ ಮೇಲೆ ಹಿಟ್ಟಿನ ಧೂಳು ಕೂತು ಹಾಲುಬಣ್ಣ ಇನ್ನಷ್ಟು ಹಾಲಾಯಿತು. ಹಾಲೇಶಪ್ಪನವರು ಬೆಳಿಗ್ಗೆ ಬಂದು ಒರೆಸುತ್ತಿದ್ದರು. ಒರೆಸಿ, ಹಿಂದಿನ ಸೀಟಿನಲ್ಲಿ ಕೂತು ಪೇಪರು ಓದಿ, ಬಾಗಿಲು ಹಾಕಿ ಹೋಗುತ್ತಿದ್ದರು. ಎಲ್ಲಿಗಾದರೂ ಹೋಗಬೇಕಾದರೆ ಬಸ್ಸಿನಲ್ಲೇ ಹೋಗುತ್ತಿದ್ದರು. ಗಿರಣಿಯ ಅಂಗಳದಿಂದ ಕಾರು ಹೊರಡುವುದನ್ನು ಊರು ನೋಡಬಾರದಲ್ಲ. ಬರಬರುತ್ತ ಉಬ್ಬು ಸೊಂಟದ ಮಟ್ಟಕ್ಕೆ ಬಂತು. ಸಂಜೆ ಹೊತ್ತು ಅದರ ಮೇಲೇ ಟವೆಲ್ ಹಾಸಿ, ಅರಳಿಗೆ ಬೆನ್ನು ಒರಗಿಸಿ ಕೂತಿರುತ್ತಿದ್ದರು. ಮಗನ ಮೇಲಿನ ಸಿಟ್ಟು ಇಳಿದಿತ್ತೋ ಇಲ್ಲವೋ, ಬೆನ್ನಿಗೆ ಮಾತ್ರ ಹಿತವಾಗಿ ಕಾಣುತ್ತಿತ್ತು.

ಎಂಬತ್ತಾರರ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಮನೆಯಿಂದ ಹೊರಗೆ ತರುವಾಗ ಆ ಉಬ್ಬಿನ ಮೇಲೆ ಎಡವಿ ಬೀಳುವಂತಾಯಿತು. ಹಿಂದಿನವರು ಹಿಡಿದರು. ಆವತ್ತೇ ನಿಶ್ಚಯ ಮಾಡಿದೆ. ಆ ಹೆಣ್ಣುಮಗಳು ಒಬ್ಬಳೇ, ವಯಸ್ಸಾಯಿತು, ಒಂದು ದಿನ ಬಿದ್ದು ಸೊಂಟ ಮುರಿದುಕೊಳ್ಳುತ್ತಾಳೆ. ಇನ್ನು ಸಿಮೆಂಟಿಗೆ ಅಡ್ಡ ನಿಲ್ಲುವವರು ಯಾರೂ ಇಲ್ಲ. ತಿಂಗಳು ಕಳೆದ ಮೇಲೆ ಸೊಕ್ಕೆಗೆ ಹೇಳಿ ಕಳಿಸಿದೆ.

ಬೀರಲಿಂಗಪ್ಪ ಹಾರೆ ಹೊತ್ತು ಬಂದ. ಮೀಸೆ ನೆರೆತಿತ್ತು. ಹೆಗಲ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ ಹಾರೆ ಎತ್ತಿದ. ಅಷ್ಟರಲ್ಲಿ ಸರ್ವಮಂಗಳಮ್ಮ ಒಳಗಿನಿಂದ ಬಂದು ಉಬ್ಬಿನ ಮೇಲೆ ಕೂತರು.

"ಅದನ್ನ ಮುಟ್ಟಬ್ಯಾಡಪ್ಪ" ಎಂದರು.

ನನಗೆ ಸಿಟ್ಟು ಬಂತು. "ಅಲ್ಲವ್ವ, ಬೇರಿಗೇನೂ ಆಗಲ್ಲ. ಸಿಮೆಂಟು ಅಷ್ಟೇ. ನೀವೇ ಅದನ್ನ ಕಂಡ್ರೆ ಆಗ್ತಿರಲಿಲ್ಲವಲ್ಲ!"

"ಆಗ ಅವರಿದ್ರು ಬೀಗರೆ. ಬೈಯಾಕೆ ಆಗ್ತಿತ್ತು" ಎಂದರು. "ಅದು ಅವರದು. ಇರ್ಲಿ."

ನಾನು ಬಾಯಿ ತೆರೆದೆ. ಬೈಯಲು ಯಾರೂ ಸಿಗಲಿಲ್ಲ. ಬೀರಲಿಂಗಪ್ಪ ಹಾರೆ ಇಳಿಸಿದ. ಸರ್ವಮಂಗಳಮ್ಮ ಅವನಿಗೆ ಕಟ್ಟೆಯ ಮೇಲೆ ಎಲೆ ಹಾಕಿದರು. ಅವನು ಬೇಡ ಬೇಡ ಎಂದ. ಕೇಳಲಿಲ್ಲ. ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ಉಂಡು ಕೈತೊಳೆದವನ ಮುಖ ಸಪ್ಪಗಿತ್ತು.

"ಅವ್ವ, ಮೊದಲಿಂದು ತೀರಿಸಾಕೆ ಬಂದೆ. ಈಗ ಎರಡು ದಿನದ್ದಾತಲ್ಲ."

"ಇರ್ಲಿ ಬಿಡಪ್ಪ. ಬೇಕಾದಾಗ ಹೇಳಿ ಕಳಿಸ್ತೀನಿ."

ನಾನೇ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಅವನು ಬಸ್ಸು ಹತ್ತಿ, ಹಾರೆಯನ್ನು ಕಾಲ ಕೆಳಗೆ ಉದ್ದಕ್ಕೆ ಇಟ್ಟುಕೊಂಡು, ಕಿಟಕಿಯಿಂದ ತಲೆ ಹಾಕಿ, "ಗಿರಣಿಯೋರೆ, ಆ ಮನೆಯಾಗೆ ಏನಾದ್ರೂ ಕಡಿಯೋದು, ಒಡೆಯೋದು ಇದ್ರೆ ನೀವಾದ್ರೂ ನೋಡಿ ಹೇಳ್ರಿ. ಅನ್ನದ ಋಣ, ಹಂಗೇ ಇಟ್ಕಂಡು ಸಾಯಬಾರದು" ಎಂದ. ನೋಡುತ್ತೇನೆ ಎಂದೆ. ಈವರೆಗೆ ಆ ಮನೆಯಲ್ಲಿ ಅಂಥದ್ದೇನೂ ಕಂಡಿಲ್ಲ.